ಬೆಳಗಾವಿ ಕೋಟೆ: ಮಕ್ಕಳಿಗೆ ಯಾವ ಕ್ರಮದಲ್ಲಿ ತೋರಿಸಬೇಕು?

ಪ್ರಶ್ನೆ

ವಿಜಯಪುರದಿಂದ ಹೈಸ್ಕೂಲ್ ಮಕ್ಕಳನ್ನು ಒಂದು ದಿನಕ್ಕೆ ಬೆಳಗಾವಿಗೆ ಕರೆತರುವುದಿದೆ. ಗಡಿ ಅಂದರೆ 1956ರ ನಂತರ ಮಹಾರಾಷ್ಟ್ರದ ಜೊತೆಗಿನ ಜಗಳ ಅಷ್ಟೇ ಅಂತ ಅವರು ತಿಳಿದಿದ್ದಾರೆ. ಅದಕ್ಕೂ ಹಿಂದಿನದನ್ನು ತೋರಿಸಲು ಎಲ್ಲಿಂದ ಶುರು ಮಾಡಬೇಕು?

ಉತ್ತರ 1

ಕೋಟೆಯಿಂದಲೇ ಶುರು ಮಾಡ್ರಿ ಸರ್, ಕೇಂದ್ರ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದು. ಮೊದಲು ಕಮಲ ಬಸದಿ. ರಟ್ಟ ಮನೆತನದ ಅರಸ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ್ದು. ಸವದತ್ತಿಯ ರಟ್ಟರು ವೇಣುಗ್ರಾಮಕ್ಕೆ, ಅಂದರೆ ಇಲ್ಲಿಗೆ, ರಾಜಧಾನಿ ತಂದ ಕಾಲವದು. ಮಂಟಪದ ನಡುವೆ ನಿಂತು ತಲೆ ಎತ್ತಿದರೆ ಛತ್ತಿನಿಂದ ಇಳಿಬಿದ್ದ ಕಲ್ಲಿನ ಕಮಲ ಕಾಣುತ್ತದೆ. ಎಸಳು 72: ಹಿಂದಿನ, ಇಂದಿನ, ಮುಂದಿನ ಕಾಲಕ್ಕೆ ತಲಾ 24 ತೀರ್ಥಂಕರರು. ಮಕ್ಕಳೇ ಎಣಿಸಲಿ.

ಬೀಚಿರಾಜನ ಜಿನಾಲಯಕ್ಕೆ ಬಿಟ್ಟ ದತ್ತಿಯನ್ನು ಹೇಳುವ 1204ರ ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಇಲ್ಲಿ ಹುಡುಕಿ ದಣಿಯಬೇಡ್ರಿ. ಶಾಸನಗಳನ್ನು ಪ್ರಕಟಿಸುವ ಎಪಿಗ್ರಾಫಿಯಾ ಇಂಡಿಕಾದ 13ನೆಯ ಸಂಪುಟದಲ್ಲಿ ಪಾಠ ಅಚ್ಚಾಗಿದೆ. ಆ ಪುಟಗಳ ಜೆರಾಕ್ಸ್ ತಂದು ಬಸದಿಯ ಎದುರೇ ಓದಿಸಿ.

ಉತ್ತರ 2

ಸಫಾ ಮಸೀದಿಯನ್ನು ಬಿಡಬೇಡಿ. ನಿಮ್ಮ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ಈ ಊರಲ್ಲಿಲ್ಲ. ಬಿಜಾಪುರದ ಆದಿಲಶಾಹಿ ಸರದಾರ ಅಸದ್ ಖಾನ್ ಲಾರಿ ಕಟ್ಟಿಸಿದ್ದು, ನಿಮ್ಮೂರಿಗೂ ನಂಟುಂಟು. ಒಳಗಿನ ಎರಡು ಕಂಬಗಳ ಮೇಲೆ ಕನ್ನಡ ಶಾಸನವಿದೆ, ಲಿಪಿ ಮಾತ್ರ ನಾಗರಿ. ಒಂದು 1199ರ ರಟ್ಟರದು, ಇನ್ನೊಂದು 1261ರ, ದೇವಗಿರಿಯ ಸೇವುಣ (ಯಾದವ) ಅರಸ ಕೃಷ್ಣನದು. ಆ ಎರಡು ಇಸವಿಗಳ ನಡುವೆ ಊರು ಕೈ ಬದಲಾಯಿಸಿತ್ತು.

ಕೋಟೆಯೊಳಗೆ ಸೇನೆಯ ಜಾಗವಿದೆ. ಮಸೀದಿಗೆ ಬಿಡುತ್ತಾರೋ ಇಲ್ಲವೋ ಮುಂಚೆಯೇ ವಿಚಾರಿಸಿ, ಶಾಲೆಯ ಪತ್ರ ಇಟ್ಟುಕೊಳ್ಳಿ. ಶುಕ್ರವಾರ ಬೇಡ.

ಪ್ರಶ್ನೆ ಕೇಳಿದವರು

ಶಾಸನದ ಫೋಟೋ ತೆಗೆದರೆ ಅಕ್ಷರ ಕಾಣುವುದಿಲ್ಲವಲ್ಲ?

ಉತ್ತರ 3

ಫ್ಲ್ಯಾಶ್ ಎದುರಿನಿಂದ ಬಿದ್ದರೆ ಅಕ್ಷರದ ತೋಡಿನಲ್ಲಿ ನೆರಳೇ ಉಳಿಯುವುದಿಲ್ಲ, ಎಲ್ಲಾ ಸಪಾಟಾಗಿ ಬರುತ್ತದೆ. ಫ್ಲ್ಯಾಶ್ ಆರಿಸಿ. ಒಬ್ಬರು ಪಕ್ಕಕ್ಕೆ ನಿಂತು ಕಲ್ಲಿನ ಮೈಗೆ ಸವರುವ ಹಾಗೆ ಟಾರ್ಚ್ ಬಿಡಲಿ, ಇನ್ನೊಬ್ಬರು ನೇರ ಎದುರಿನಿಂದ ತೆಗೆಯಲಿ. ಟಾರ್ಚ್ ಎಡದಿಂದ ಬಿಟ್ಟು ಒಂದು, ಮೇಲಿನಿಂದ ಬಿಟ್ಟು ಒಂದು ಫೋಟೋ ತೆಗೆದರೆ ಅಡ್ಡಗೆರೆ, ಉದ್ದಗೆರೆ ಎರಡೂ ಸಿಗುತ್ತವೆ. ಸೀಮೆಸುಣ್ಣ, ಹಿಟ್ಟು, ಎಣ್ಣೆ ಹಚ್ಚಲು ಯಾರನ್ನೂ ಬಿಡಬೇಡಿ. ಅದು ಕಲ್ಲಿನ ರಂಧ್ರದಲ್ಲಿ ಕೂತರೆ ತೆಗೆಯಲಾಗುವುದಿಲ್ಲ.

ಉತ್ತರ 4

ಮಧ್ಯಾಹ್ನದ ಮೇಲೆ ಟಿಳಕವಾಡಿಯ ಕಾಂಗ್ರೆಸ್ ಬಾವಿ, ಪಕ್ಕದ ಸ್ಮಾರಕ ವೀರಸೌಧ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ 1924ರಲ್ಲಿ ಇಲ್ಲೇ ನಡೆದದ್ದು. ಅದರ ನೀರಿಗೆಂದೇ ತೋಡಿದ ಬಾವಿಯಿದು. ಅದೇ ಹೊತ್ತಿಗೆ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತೂ ಇಲ್ಲೇ ಸೇರಿತ್ತು. ಆಗ ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿತ್ತು. 1956ರ ರಾಜ್ಯ ಪುನರ್ವಿಂಗಡಣೆ, ಗಡಿ ಕುರಿತ 1967ರ ಮಹಾಜನ ಆಯೋಗದ ವರದಿ, ಇವನ್ನೆಲ್ಲ ಇಲ್ಲಿ ಹೇಳಿದರೆ ಮಕ್ಕಳಿಗೆ ಎಳೆ ಸಿಗುತ್ತದೆ. ಕಿತ್ತೂರನ್ನು ಇದೇ ದಿನಕ್ಕೆ ತುರುಕಬೇಡಿ. ಸುಮಾರು 50 ಕಿ.ಮೀ. ಇದೆ, ಅಲ್ಲಿನ ಕೋಟೆ, ವಸ್ತುಸಂಗ್ರಹಾಲಯಕ್ಕೇ ಅರ್ಧ ದಿನ ಬೇಕು.