ಜಿಪ್ಸಿಯ ಸೈಲೆನ್ಸರ್ ಪೈಪ್ ನೆಗ್ಗಿದೆ, ಗಾಡಿ ಎಳೆಯುತ್ತಿಲ್ಲ: ಕಾಯಿಸಿ ಎಳೆಸಬೇಕಾ, ಕತ್ತರಿಸಬೇಕಾ?

ಪ್ರಶ್ನೆ (ಗಂಗಾವತಿ)

ನನ್ನದು ಮಾರುತಿಯ ಪೆಟ್ರೋಲ್ ಜಿಪ್ಸಿ, ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಷನ್ ಇರುವುದು). ಆನೆಗೊಂದಿ ಕಡೆ ಬಂಡೆಗಳ ನಡುವೆ ಇಳಿಯುವಾಗ ಕಲ್ಲೊಂದು ಅಡಿಗೆ ಬಡಿದು ಪೈಪ್ ನೆಗ್ಗಿತು. ನೆಗ್ಗಿರುವ ಜಾಗ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಕಡಿಮೆ ಮಾಡುವ ಡಬ್ಬಿ) ದಾಟಿದ ಮೇಲೆ, ಸದ್ದು ಅಡಗಿಸುವ ಮಫ್ಲರ್‌ಗಿಂತ ಮುಂಚೆ, ಪೈಪ್ ನೇರವಾಗಿರುವ ಕಡೆ. ಐಡ್ಲಿಂಗ್ ಸರಿಯಿದೆ. ಆದರೆ 3000 ಆರ್‌ಪಿಎಂ ದಾಟಿದರೆ ಉಸಿರು ಕಟ್ಟಿದ ಹಾಗೆ ಆಗುತ್ತದೆ, ಏರಿನಲ್ಲಂತೂ ಎರಡನೇ ಗೇರ್‌ನಲ್ಲೂ ತಿಣುಕುತ್ತದೆ. ಒಬ್ಬ ಮೆಕ್ಯಾನಿಕ್ ಪೂರ್ತಿ ಸೆಟ್ ಬದಲಿಸಿ ಅಂತಾರೆ. ಇನ್ನೊಬ್ಬರು ಗ್ಯಾಸ್‌ನಲ್ಲಿ ಕಾಯಿಸಿ ಎಳೆದರೆ ಸಾಕು ಅಂತಾರೆ. ಯಾರ ಮಾತು ಕೇಳಲಿ?

ಉತ್ತರ (ಬಳ್ಳಾರಿ)

ಈಗಲೇ ಇಬ್ಬರ ಮಾತೂ ಕೇಳಬೇಡಿ. ಮೊದಲು ತಪ್ಪು ಎಲ್ಲಿದೆ ಅಂತ ಖಚಿತ ಮಾಡಿಕೊಳ್ಳಿ. ನೆಗ್ಗು ಕಣ್ಣಿಗೆ ಕಾಣುತ್ತದೆ, ಅದಕ್ಕೇ ಎಲ್ಲರೂ ಅದರ ಮೇಲೆ ಬೀಳುತ್ತಾರೆ. ಆದರೆ ಅಡಿಗೆ ಅಷ್ಟು ಜೋರಾಗಿ ಏಟು ಬಿದ್ದಾಗ ಕನ್ವರ್ಟರ್ ಒಳಗಿನ ಪಿಂಗಾಣಿ ಜೇನುಗೂಡು ಒಡೆದು, ಅದರ ಚೂರುಗಳು ಅಡ್ಡ ನಿಂತು ಹೊಗೆಯ ದಾರಿ ಮುಚ್ಚುವುದೂ ಉಂಟು. ಹಾಗಾಗಿದ್ದರೆ ಪೈಪನ್ನು ಎಷ್ಟು ಚೆಂದ ಮಾಡಿಸಿದರೂ ಗಾಡಿ ಎಳೆಯುವುದಿಲ್ಲ, ದುಡ್ಡು ಸುಮ್ನೆ ಹೋಗುತ್ತದೆ.

ಗಾಡಿ ಪೂರ್ತಿ ತಣ್ಣಗಾದ ಮೇಲೆ ಕನ್ವರ್ಟರ್‌ಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಒಳಗೆ ಗಲಗಲ ಅಂದರೆ ಜೇನುಗೂಡು ಒಡೆದಿದೆ. ಸದ್ದು ಬರದಿದ್ದರೂ ಅಲ್ಲಿಗೇ ಬಿಡಬೇಡಿ, ಕನ್ವರ್ಟರ್‌ಗಿಂತ ಮುಂಚೆ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಅಡಾಪ್ಟರ್ ಹಾಕಿ ಒಂದು ಪ್ರೆಶರ್ ಗೇಜ್ ಕೂರಿಸಿ. ಐಡ್ಲಿಂಗ್‌ನಲ್ಲಿ ಒತ್ತಡ ಒಂದು, ಒಂದೂವರೆ ಪಿಎಸ್‌ಐ ಒಳಗೇ ಇರಬೇಕು. 2500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಿತು ಅಂದರೆ ಗೇಜ್ ದಾಟಿದ ಮೇಲೆ ಎಲ್ಲೋ ದಾರಿ ಕಟ್ಟಿದೆ ಅಂತ ಅರ್ಥ. ಆಮೇಲೆ ಕನ್ವರ್ಟರ್ ಹಿಂದಿನ ಫ್ಲಾಂಜ್ (ಎರಡು ಪೈಪ್ ಸೇರಿಸುವ ಚಪ್ಪಟೆ ಅಂಚು) ಬೋಲ್ಟ್‌ಗಳನ್ನು ಸಡಿಲ ಮಾಡಿ, ಹೊಗೆ ನೆಗ್ಗಿಗೆ ಹೋಗುವ ಮುಂಚೆಯೇ ಹೊರಗೆ ಬೀಳುವಂತೆ ಬಿಟ್ಟು, ಮತ್ತೆ ಅದೇ ಆರ್‌ಪಿಎಂನಲ್ಲಿ ಗೇಜ್ ನೋಡಿ. ಮುಳ್ಳು ಇಳಿದರೆ ಕಾರಣ ನೆಗ್ಗು ಅಥವಾ ಅದರ ಹಿಂದಿನ ಮಫ್ಲರ್. ಇಳಿಯದಿದ್ದರೆ ಕನ್ವರ್ಟರ್. ಈ ಕೆಲಸ ಬಯಲಲ್ಲೇ ಮಾಡಿ, ಶೆಡ್ ಒಳಗೆ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇರುವುದಿಲ್ಲ, ತಲೆ ಸುತ್ತಿದ ಮೇಲೇ ಗೊತ್ತಾಗುವುದು.

ಹಾಗೇ ನೆಗ್ಗಿದ ಜಾಗವನ್ನು ಕ್ಯಾಲಿಪರ್‌ನಲ್ಲಿ ಅಳೆದು ಹೇಳಿ. ಕಣ್ಣಂದಾಜು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಪ್ರಶ್ನೆ ಕೇಳಿದವರು

ತಟ್ಟಿ ನೋಡಿದೆ, ಗಲಗಲ ಇಲ್ಲ. ಗೇಜ್ ಹಾಕಿಸಿದಾಗ 2500ರಲ್ಲಿ 3 ದಾಟಿತು, ಫ್ಲಾಂಜ್ ಸಡಿಲ ಮಾಡಿದ ಕೂಡಲೇ ಮುಳ್ಳು ಸರ್ರನೆ ಕೆಳಗೆ ಬಂತು. ಪೈಪ್ ಕಂಪನಿಯದಲ್ಲ, ಹಿಂದಿನ ಮಾಲೀಕರು ಹಾಕಿಸಿದ್ದು. ಹೊರಗಿನ ಅಳತೆ 45 ಮಿ.ಮೀ., ನೆಗ್ಗಿದ ಕಡೆ 27. ತಗಡು ಸುಮಾರು ಒಂದೂವರೆ ಮಿ.ಮೀ. ದಪ್ಪ ಇದೆ.

ಉತ್ತರ (ಬಳ್ಳಾರಿ)

ಹಾಗಾದರೆ ಕನ್ವರ್ಟರ್ ಬಚಾವ್. ಈಗ ಲೆಕ್ಕ ನೋಡಿ. ಒಳಗಿನ ಅಡ್ಡಗಲ 42, ಅದು 24ಕ್ಕೆ ಇಳಿದಿದೆ. ಪಕ್ಕಕ್ಕೆ ಉಬ್ಬದೆ ಒಂದೇ ಕಡೆಯಿಂದ ಚಪ್ಪಟೆಯಾಗಿದೆ ಅಂತ ಇಟ್ಟುಕೊಂಡರೂ ದಾರಿ ಸುಮಾರು 40% ಹೋಗಿದೆ. ಒಳಕ್ಕೆ ಗುಳಿ ಬಿದ್ದಿದ್ದರೆ ಇನ್ನೂ ಜಾಸ್ತಿ. ಇದೇ ಪೈಪ್ 5 ಮಿ.ಮೀ. ಮಾತ್ರ ನೆಗ್ಗಿದ್ದರೆ ಹೋಗುತ್ತಿದ್ದದ್ದು 7%, ಅದನ್ನು ಮುಟ್ಟಲೇಬೇಡಿ ಅನ್ನುತ್ತಿದ್ದೆ.

ಇಷ್ಟು ಆಳದ ನೆಗ್ಗನ್ನು ಕಾಯಿಸಿ ಎಳೆಸಬೇಡಿ. ಮಡಚಿದ ಅಂಚಿನಲ್ಲಿ ಲೋಹ ಆಗಲೇ ಬಳಲಿದೆ, ಎಳೆದಾಗ ಅಲ್ಲೇ ಸೀಳುತ್ತದೆ. ನಿಮ್ಮ ಪುಣ್ಯಕ್ಕೆ ಜಾಗ ನೇರವಾಗಿದೆ. ನೆಗ್ಗಿದಷ್ಟು ಭಾಗ ಕತ್ತರಿಸಿ ಅದೇ ಅಳತೆಯ ತುಂಡು ಕೂರಿಸಿ. ಪೂರ್ತಿ ಸೆಟ್ ಬೇಕಾಗಿಯೇ ಇಲ್ಲ.

ಕತ್ತರಿಸುವ ಮೊದಲು ಪೈಪಿನ ಉದ್ದಕ್ಕೂ ಸೀಮೆಸುಣ್ಣದ ಒಂದು ಗೆರೆ ಎಳೆಯಿರಿ, ಇಲ್ಲದಿದ್ದರೆ ಮತ್ತೆ ಜೋಡಿಸುವಾಗ ಪೈಪ್ ತಿರುಗಿ ಮಫ್ಲರ್ ಚಾಸಿಗೆ ತಾಗುತ್ತದೆ. ಆಯಸ್ಕಾಂತ ಇಟ್ಟು ನೋಡಿ. ಹಿಡಿದರೆ ಮೈಲ್ಡ್ ಸ್ಟೀಲ್ ಅಥವಾ 409 ಸ್ಟೇನ್‌ಲೆಸ್, ಹಿಡಿಯದಿದ್ದರೆ 304 ಇರಬಹುದು, ತುಂಡನ್ನೂ ಬೆಸುಗೆ ಕಡ್ಡಿಯನ್ನೂ ಅದಕ್ಕೆ ಹೊಂದುವಂತೆ ತನ್ನಿ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಸೆನ್ಸರ್ ತೆಗೆದಿಡಿ. ತುಂಡನ್ನು ಗಾಡಿಯ ಅಡಿಯಲ್ಲೇ, ಹ್ಯಾಂಗರ್ ರಬ್ಬರ್‌ಗಳಲ್ಲಿ ನೇತಾಡುವಾಗಲೇ ಮೂರು ನಾಲ್ಕು ಕಡೆ ಟ್ಯಾಕ್ (ಚುಕ್ಕೆ ಬೆಸುಗೆ) ಹಾಕಿಸಿ, ಆಮೇಲೆ ಕೆಳಗಿಳಿಸಿ ಸುತ್ತಲೂ ಬೆಸುಗೆ ಮಾಡಿಸಿ. ಟ್ಯಾಕ್ ಹಾಕುವಾಗ ಅರ್ತ್ ಕ್ಲಾಂಪ್ ಪೈಪಿಗೇ ಕಚ್ಚಿರಲಿ. ಪೆಟ್ರೋಲ್ ಲೈನ್, ಬ್ರೇಕ್ ಲೈನ್ ಮೇಲೆ ಕಿಡಿ ಬೀಳದಂತೆ ಏನಾದರೂ ಮುಚ್ಚಿ. ಇಷ್ಟು ತೆಳು ತಗಡಿಗೆ ಟ್ರಾಲಿ, ಹಾರ್ವೆಸ್ಟರ್ ರಿಪೇರಿಯ ದಪ್ಪ ಕಡ್ಡಿ ಹಿಡಿದರೆ ತೂತು ಬೀಳುತ್ತದೆ. ಮಿಗ್ ಅಥವಾ ಗ್ಯಾಸ್ ವೆಲ್ಡಿಂಗ್ ಇರುವಲ್ಲಿಗೇ ಹೋಗಿ.

ಒಂದು ಮಾತು ಒತ್ತಿ ಹೇಳುತ್ತೇನೆ. ನಮ್ಮ ಕಡೆ ಮೂಲೆಯಲ್ಲಿ ಬಿದ್ದಿರುವ ಜಿಐ (ಸತು ಲೇಪಿಸಿದ) ನೀರಿನ ಪೈಪ್ ತುಂಡನ್ನೇ ಕೂರಿಸಿಬಿಡುತ್ತಾರೆ. ಅದರ ಮೇಲಿನ ಸತು ಬೆಸುಗೆಯ ಕಾವಿಗೆ ಉರಿದು ಬಿಳಿ ಹೊಗೆಯಾಗುತ್ತದೆ, ಆ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ವೆಲ್ಡಿಂಗ್ ಮಾಡುವ ಹುಡುಗ ದಿನಾ ಅದೇ ಕೆಲಸದಲ್ಲಿ ಇರುತ್ತಾನೆ ಅಲ್ವಾ, ಅವನ ಎದೆ ನೆನೆಸಿಕೊಂಡಾದರೂ ಬೇಡ ಅನ್ನಿ.

ಪ್ರಶ್ನೆ (ಲಿಂಗಸುಗೂರು)

ಇದರ ಜೊತೆಗೇ ನನ್ನದೂ ಕೇಳಿಬಿಡುತ್ತೇನೆ. ಎಕ್ಸ್‌ಪಲ್ಸ್ ಬೈಕಿನ ಬೆಂಡ್ ಪೈಪ್ (ಇಂಜಿನ್‌ನಿಂದ ಸೈಲೆನ್ಸರ್‌ಗೆ ಹೋಗುವುದು) ಮುಂದಿನ ಬಾಗುವಿನಲ್ಲಿ ಕಲ್ಲು ಬಡಿದು ಗುಳಿ ಬಿದ್ದಿದೆ. ನೀರು ತುಂಬಿ ಎರಡೂ ಕಡೆ ಮುಚ್ಚಿ ಫ್ರೀಜರ್‌ನಲ್ಲಿಟ್ಟರೆ ತಾನಾಗಿ ಹೊರಗೆ ಬರುತ್ತದಂತೆ, ನಿಜವಾ?

ಉತ್ತರ (ಬಳ್ಳಾರಿ)

ಮಂಜುಗಡ್ಡೆ ಉಬ್ಬುವುದು ನಿಜ. ಆದರೆ ಅದು ಗುಳಿಯನ್ನೇ ಹುಡುಕಿಕೊಂಡು ತಳ್ಳುವುದಿಲ್ಲ, ಎಲ್ಲಿ ಸಡಿಲ ಇದೆಯೋ ಅಲ್ಲಿ ತಳ್ಳುತ್ತದೆ, ಬೆಸುಗೆಯ ಸಾಲು ಸೀಳಿದರೂ ಸೀಳಿತು. ಬೇಡ.

ಮೊದಲು ಪೈಪ್ ಬಿಚ್ಚಿ ಟಾರ್ಚ್ ಬಿಟ್ಟು ಒಳಗೆ ನೋಡಿ. ಎಷ್ಟೋ ಬೈಕುಗಳ ಬೆಂಡ್ ಪೈಪ್ ಎರಡು ಪದರದ್ದು, ಹೊರಪದರ ಗುಳಿ ಬಿದ್ದರೂ ಒಳಗಿನ ದಾರಿ ಹಾಗೇ ಇರುತ್ತದೆ. ಒಳಗೆ ನುಣ್ಣಗಿದ್ದರೆ ಜೋಡಿಸಿ ಓಡಿಸಿ.

ಒಳಗೂ ಗುಳಿ ಇದ್ದು, ಒಂದೇ ಪದರದ ಪೈಪ್ ಆಗಿದ್ದರೆ ಗಾಳಿ ತುಂಬಿ ಕಾಯಿಸುವ ವಿಧಾನ ಇದೆ. ಎರಡೂ ಬಾಯಿಗೆ ಬಿಗಿಯಾದ ಬಿರಡೆ, ಅವು ಹಾರದಂತೆ ಹೊರಗಿನಿಂದ ಕ್ಲಾಂಪ್, ಒಂದರಲ್ಲಿ ವಾಲ್ವ್. ರೆಗ್ಯುಲೇಟರ್ ಇಟ್ಟು ಕಡಿಮೆ ಒತ್ತಡದ ಗಾಳಿ ಬಿಟ್ಟು, ಗುಳಿಯ ಅಂಚಿನಿಂದ ಶುರು ಮಾಡಿ ಗ್ಯಾಸ್ ಟಾರ್ಚ್‌ನಲ್ಲಿ ಕೆಂಪಗೆ ಕಾಯಿಸುತ್ತಾ ನಡುವಿಗೆ ಬಂದರೆ ಲೋಹ ಮೆತ್ತಗಾಗಿ ನಿಧಾನಕ್ಕೆ ಎದ್ದು ಬರುತ್ತದೆ. ಇದನ್ನು ಮಾಡಿ ಕೈ ಪಳಗಿದವರಿಂದಲೇ ಮಾಡಿಸಿ, ಬಿರಡೆಯ ಎದುರು ಯಾರೂ ನಿಲ್ಲಬಾರದು. ಕನ್ವರ್ಟರ್ ಸೇರಿಕೊಂಡೇ ಇರುವ ಪೈಪಿಗೆ ಇದು ಬೇಡವೇ ಬೇಡ.

ಆರ್‌ಎಕ್ಸ್ 100 ತರಹದ ಟೂ ಸ್ಟ್ರೋಕ್ ಬೈಕ್ ಇಟ್ಟುಕೊಂಡವರು ಮಾತ್ರ ಗುಳಿ ಚಿಕ್ಕದು ಅಂತ ಬಿಡಬೇಡಿ. ಅಲ್ಲಿ ಪೈಪಿನ ಆಕಾರದಿಂದಲೇ ಒತ್ತಡದ ಅಲೆ ವಾಪಸ್ ಬಂದು, ಹೊರಗೆ ಹೋಗುವ ಹೊಸ ಪೆಟ್ರೋಲ್ ಗಾಳಿಯನ್ನು ಸಿಲಿಂಡರ್‌ಗೆ ತಳ್ಳುತ್ತದೆ. ಆಕಾರ ಕೆಟ್ಟರೆ ಎಳೆತವೂ ಕೆಡುತ್ತದೆ.

ಪ್ರಶ್ನೆ ಕೇಳಿದವರು (ಗಂಗಾವತಿ)

ಕತ್ತರಿಸಿ ಹೊಸ ತುಂಡು ಕೂರಿಸಿದ್ದಾಯಿತು. ಗಾಡಿ ಮೊದಲಿನಂತೆ ಎಳೆಯುತ್ತಿದೆ, ತುಂಬಾ ಥ್ಯಾಂಕ್ಸ್. ಆದರೆ ಫ್ಲಾಂಜ್ ಹತ್ತಿರ ಟಿಕ್ ಟಿಕ್ ಸದ್ದು, ಸುತ್ತ ಕಪ್ಪು ಮಸಿ.

ಉತ್ತರ (ಬಳ್ಳಾರಿ)

ಫ್ಲಾಂಜ್ ನಡುವೆ ಹೊಗೆ ಸೋರದಂತೆ ಇಡುವ ಹಳೇ ಗ್ಯಾಸ್ಕೆಟ್ಟನ್ನೇ ಮತ್ತೆ ಹಾಕಿದ್ದಾರೆ. ಒಮ್ಮೆ ಒತ್ತಿಸಿಕೊಂಡದ್ದು ಎರಡನೇ ಸಲ ಸರಿಯಾಗಿ ಕೂರುವುದಿಲ್ಲ. ಹೊಸದು ಹಾಕಿ, ಎರಡೂ ಮುಖದ ಮಸಿ ಕೆರೆದು, ಬೋಲ್ಟ್‌ಗಳನ್ನು ಒಂದಾದ ಮೇಲೊಂದರಂತೆ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದೆರಡು ಸಲ ಕಾದು ತಣ್ಣಗಾದ ಮೇಲೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಕಲ್ಲಿನ ಏಟು ತಡೆಯಲು ಅಡಿಗೆ ಸ್ಕಿಡ್ ಪ್ಲೇಟ್ ಹಾಕಿಸುವ ಯೋಚನೆ ಇದ್ದರೆ ಪೈಪಿಗೂ ಪ್ಲೇಟಿಗೂ ನಡುವೆ ಗಾಳಿ ಆಡುವಷ್ಟು ಜಾಗ ಬಿಡಿಸಿ, ಕೆಸರು ಇಳಿದುಹೋಗಲು ತೂತುಗಳೂ ಇರಲಿ. ಬೇಸಿಗೆಯಲ್ಲಿ ಸಂಡೂರು ಗುಡ್ಡದ ಕಡೆ ಹೋದರೆ ಆ ಸಂದಿಯಲ್ಲಿ ಸಿಕ್ಕಿಕೊಂಡ ಒಣಹುಲ್ಲು ತೆಗೆಯಿರಿ, ಬಿಸಿ ಪೈಪಿಗೆ ತಾಗಿದರೆ ಹೊತ್ತಿಕೊಳ್ಳುತ್ತದೆ.