ಬ್ಯಾಟರಿ ಪೂರ್ತಿ ಇಳಿದಿದೆ, ಕಾರು ಲಾಕ್ ಆಗಿದೆ. ಬಾಗಿಲು ತೆಗೆಯೋದು ಹೇಗೆ?

ಶಿರಸಿಯವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ. ಊರಿಗೆ ಹೋಗಿ ತಿಂಗಳ ಹತ್ತಿರ ಆಗಿತ್ತು, ಕಾರು ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೇ ನಿಂತಿತ್ತು. ನಿನ್ನೆ ರಾತ್ರಿ ಬಂದು ನೋಡಿದರೆ ರಿಮೋಟ್ ಒತ್ತಿದರೂ ಏನೂ ಆಗುತ್ತಿಲ್ಲ. ಹ್ಯಾಂಡಲ್ ಮೇಲಿನ ಸಣ್ಣ ಕಪ್ಪು ಬಟನ್ ಒತ್ತಿದರೂ ಇಲ್ಲ, ಮಡಚಿಕೊಂಡ ಕನ್ನಡಿ ಹಾಗೇ ಇದೆ. ಪುಶ್ ಬಟನ್ ಸ್ಟಾರ್ಟ್ ಇರುವ ಆಟೋಮ್ಯಾಟಿಕ್ ಗಾಡಿ. ಬಾಗಿಲಲ್ಲಿ ಕೀ ಹಾಕುವ ತೂತೇ ಕಾಣುತ್ತಿಲ್ಲ. ಮಾವನವರ ಆಸ್ಪತ್ರೆ ಫೈಲ್ ಪೂರ್ತಿ ಒಳಗಿದೆ, ನಾಳೆ ಬೆಳಿಗ್ಗೆ ಚೆಕಪ್. ವಾಚ್‌ಮನ್ ಒಬ್ಬರನ್ನು ಕರೆಸುತ್ತೇನೆ ಅಂತಿದ್ದಾರೆ, ಗಾಜಿನ ಸಂದಿಯಲ್ಲಿ ತಂತಿ ಬಿಟ್ಟು ಲಾಕ್ ತೆಗೆಯುತ್ತಾರಂತೆ. ಒಪ್ಪಬಹುದಾ?

ಮಲ್ಲೇಶ್ವರದ ಮೂಲೆಮನೆ

ತಂತಿಯವರನ್ನು ಈಗಲೇ ಬೇಡ ಅನ್ನಿ ಮೇಡಂ.

ಮೊದಲು ಇಳಿದಿರುವುದು ಯಾವ ಬ್ಯಾಟರಿ ಅಂತ ನೋಡಿ, ಯಾಕೆಂದರೆ ಇಲ್ಲಿ ಎರಡಿವೆ. ಒಂದು ರಿಮೋಟಿನೊಳಗಿನ ನಾಣ್ಯದಂಥ 3 ವೋಲ್ಟಿನ ಸೆಲ್, ಇನ್ನೊಂದು ಬಾನೆಟ್ ಕೆಳಗಿನ 12 ವೋಲ್ಟಿನದು. ರಿಮೋಟ್ ಒತ್ತಿದಾಗ ಅದರ ಮೇಲಿನ ಕೆಂಪು ಲೈಟ್ ಮಿನುಗುತ್ತದಾ? ಎರಡನೇ ರಿಮೋಟಿನಲ್ಲೂ ಒಮ್ಮೆ ನೋಡಿ. ಎರಡೂ ಮಿನುಗಿ ಕಾರು ಮಾತ್ರ ಸುಮ್ನೆ ನಿಂತಿದ್ದರೆ ಕಾರಿನ ಬ್ಯಾಟರಿಯೇ ಹೋಗಿದೆ.

ಯಾವುದೇ ಆಗಿರಲಿ, ಬಾಗಿಲು ತೆಗೆಯುವ ದಾರಿ ಒಂದೇ, ಅದು ನಿಮ್ಮ ಕೈಯಲ್ಲೇ ಇದೆ. ರಿಮೋಟಿನ ಪಕ್ಕದಲ್ಲೋ ಹಿಂಭಾಗದಲ್ಲೋ ಒಂದು ಪುಟ್ಟ ಗುಂಡಿ ಇರುತ್ತದೆ. ಅದನ್ನು ಸರಿಸಿ ಅಥವಾ ಒತ್ತಿ ಹಿಡಿದು, ಕೀ ಚೈನ್ ಕಟ್ಟುವ ತುದಿಯನ್ನು ಎಳೆಯಿರಿ. ಬೆರಳುದ್ದದ ಲೋಹದ ಕೀ ಹೊರಗೆ ಬರುತ್ತದೆ. ತೂತೂ ಇದೆ, ಮುಚ್ಚಿಟ್ಟಿರುತ್ತಾರೆ ಅಷ್ಟೆ. ಡ್ರೈವರ್ ಕಡೆಯ ಹ್ಯಾಂಡಲ್ ನೋಡಿ, ಅದರ ಹಿಂದಿನ ತುದಿಯಲ್ಲಿ ಬಾಡಿ ಬಣ್ಣದ್ದೇ ಒಂದು ಮುಚ್ಚಳ ಇರುತ್ತದೆ. ಮೊಬೈಲ್ ಟಾರ್ಚ್ ಹಾಕಿ ಕೆಳಗಿನಿಂದ ನೋಡಿದರೆ ಅದರ ಅಡಿಯಲ್ಲಿ ಸಣ್ಣ ಸೀಳು ಕಾಣುತ್ತದೆ. ಹ್ಯಾಂಡಲನ್ನು ಪೂರ್ತಿ ಎಳೆದು ಹಿಡಿದುಕೊಂಡು, ಕೀ ತುದಿಯನ್ನು ಆ ಸೀಳಿಗೆ ಕೊಟ್ಟು ಮೇಲಕ್ಕೆ ಒತ್ತುತ್ತಾ ಮುಚ್ಚಳವನ್ನು ಹೊರಗೆ ಎಳೆಯಿರಿ. ಕೆಲವು ಗಾಡಿಗಳಲ್ಲಿ ಹ್ಯಾಂಡಲ್ ಎಳೆಯುವ ಅಗತ್ಯವೂ ಇಲ್ಲ, ಸುಮ್ನೆ ಮೀಟಿದರೆ ಸಾಕು. ಬಣ್ಣ ಕೆರೆಯದ ಹಾಗೆ ಕೀ ತುದಿಗೆ ತೆಳು ಬಟ್ಟೆ ಸುತ್ತಿಕೊಳ್ಳಿ.

ಕಾವೇರಿ ಕಣಿವೆ

ತಂತಿ ಅಂದ್ರೆ ಯಾಕೆ ಇಷ್ಟು ಭಯ? ನಮ್ಮ ತಂದೆಯ ಹಳೇ ಗಾಡಿಯಲ್ಲಿ ಸ್ಕೇಲ್ ಬಿಟ್ಟೇ ಎಷ್ಟೋ ಸಲ ತೆಗೆದಿದ್ದೇವೆ, ಏನೂ ಆಗಿಲ್ಲ.

ಹುಬ್ಬಳ್ಳಿ ಗ್ಯಾರೇಜ್

ಹಳೇ ಗಾಡಿಗೆ ಅದು ಸರಿ ಸರ್. ಆಗ ಬಾಗಿಲೊಳಗೆ ಒಂದು ಕಡ್ಡಿ, ಒಂದು ಕೊಕ್ಕೆ, ಅಷ್ಟೇ ಇರುತ್ತಿತ್ತು. ಈಗ ಅದೇ ಜಾಗದಲ್ಲಿ ಪವರ್ ವಿಂಡೋ ಮೋಟಾರು, ಲಾಕಿನ ವೈರು, ಸ್ಪೀಕರ್ ವೈರು, ಕೆಲವು ಗಾಡಿಗಳಲ್ಲಿ ಏರ್‌ಬ್ಯಾಗಿನ ಸೆನ್ಸರ್ ಕೂಡ ಇದೆ. ಕಣ್ಣಿಗೆ ಕಾಣದೆ ಸ್ಕೇಲ್ ಆಡಿಸಿದರೆ ಯಾವುದಕ್ಕೆ ತಾಗುತ್ತದೆ ಅಂತ ಯಾರೂ ಹೇಳಲಾರರು. ಬಾಗಿಲ ಮೂಲೆ ಬಗ್ಗಿಸಿ ಉದ್ದ ಕಡ್ಡಿ ಬಿಡುವವರೂ ಇದ್ದಾರೆ. ಬಾಗಿಲು ತೆರೆಯುತ್ತದೆ, ಆದರೆ ಫ್ರೇಮ್ ಸ್ವಲ್ಪ ಬಾಗಿದರೂ ಬೀಡಿಂಗ್, ಅಂದರೆ ಅಂಚಿನ ರಬ್ಬರ್ ಪಟ್ಟಿ, ಸರಿಯಾಗಿ ಕೂರುವುದಿಲ್ಲ, ಮಳೆಗಾಲದಲ್ಲಿ ನೀರು ಒಳಗೆ. ಇಂಥ ಬಾಗಿಲು ಗ್ಯಾರೇಜಿಗೆ ಬರುತ್ತಲೇ ಇರುತ್ತವೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಕೀ ಕೈಯಲ್ಲಿ ಇಲ್ಲದವರಿಗೆ ಬೇರೆ ದಾರಿ ಇಲ್ಲ, ಒಪ್ಪುತ್ತೇನೆ. ಇವರ ಹತ್ತಿರ ಕೀ ಇದೆ.

ಶಿರಸಿಯವಳು

ತುಂಬಾ ಥ್ಯಾಂಕ್ಸ್, ಲೋಹದ ಕೀ ಸಿಕ್ಕಿತು! ಮುಚ್ಚಳವೂ ಬಂತು, ಒಳಗೆ ತೂತು ನಿಜಕ್ಕೂ ಇದೆ. ಆದರೆ ಕೀ ಒಳಗೆ ಹೋಗುತ್ತದೆ, ತಿರುಗುತ್ತಿಲ್ಲ. ಜೋರಾಗಿ ತಿರುಗಿಸಿದರೆ ಮುರಿಯಬಹುದು ಅಂತ ನಿಲ್ಲಿಸಿದ್ದೇನೆ. ಇನ್ನೊಂದು ಪ್ರಶ್ನೆ, ಪಕ್ಕದ ಸ್ಲಾಟಿನಲ್ಲಿ ಎಲೆಕ್ಟ್ರಿಕ್ ಕಾರಿದೆ, ಅವರು ಸಹಾಯ ಮಾಡಲು ಸಿದ್ಧ. ಅದರ ಬ್ಯಾಟರಿಯಿಂದ ಕೇಬಲ್ ಎಳೆದು ನಮ್ಮ ಕಾರು ಸ್ಟಾರ್ಟ್ ಮಾಡಬಹುದಾ, ಅಂದರೆ ಜಂಪ್ ಕೊಡಬಹುದಾ?

ಹುಬ್ಬಳ್ಳಿ ಗ್ಯಾರೇಜ್

ನಿಲ್ಲಿಸಿದ್ದು ಒಳ್ಳೆಯದಾಯಿತು. ಆ ಲಾಕನ್ನು ಗಾಡಿ ತಗೊಂಡಾಗಿನಿಂದ ಯಾರೂ ಮುಟ್ಟಿರುವುದಿಲ್ಲ, ಧೂಳು ಕೂತು ಬಿಗಿ ಆಗಿರುತ್ತದೆ. ಬಿಗಿ ಸಡಿಲಿಸುವ ಸ್ಪ್ರೇ ಡಬ್ಲ್ಯೂಡಿ-40 ಇದ್ದರೆ ಕೊಳವೆ ಇಟ್ಟು ಒಂದು ಸಲ ಹೊಡೆಯಿರಿ, ಸ್ವಲ್ಪ ಹೊತ್ತು ಬಿಡಿ. ಅಡುಗೆ ಎಣ್ಣೆ ಮಾತ್ರ ಹಾಕಬೇಡಿ, ಮುಂದೆ ಜಿಡ್ಡುಗಟ್ಟುತ್ತದೆ. ಆಮೇಲೆ ಕೀ ಪೂರ್ತಿ ಒಳಗೆ ತಳ್ಳಿ, ಒಳಗೆ ಹೊರಗೆ ಆಡಿಸಿ, ಎರಡೂ ಕಡೆ ಮೆಲ್ಲಗೆ ತಿರುಗಿಸಿ ನೋಡಿ. ತಿರುಗಿಸುವಾಗ ಹ್ಯಾಂಡಲ್ ಎಳೆದು ಹಿಡಿಯಬೇಡಿ. ಅದು ಮುಚ್ಚಳ ತೆಗೆಯುವಾಗ ಮಾತ್ರ.

ಎಲೆಕ್ಟ್ರಿಕ್ ಕಾರಿನಿಂದ ಜಂಪ್ ಬೇಡ. ಅದರಲ್ಲಿರುವ 12 ವೋಲ್ಟಿನದು ಚಿಕ್ಕ ಬ್ಯಾಟರಿ, ಸ್ಟಾರ್ಟರ್ ಎಳೆಯುವ ಕರೆಂಟಿಗೆ ಮಾಡಿದ್ದಲ್ಲ. ಪೆಟ್ರೋಲ್ ಅಥವಾ ಡೀಸೆಲ್ ಗಾಡಿಯವರನ್ನು ಕೇಳಿ. ಆಟೋಮ್ಯಾಟಿಕ್ ಆದ್ದರಿಂದ ತಳ್ಳಿ ಸ್ಟಾರ್ಟ್ ಮಾಡುವ ಯೋಚನೆಯೂ ಬೇಡ, ಆಗುವುದಿಲ್ಲ.

ಬಾಗಿಲು ತೆರೆದ ಮೇಲೆ ಬಾನೆಟ್ ಲಿವರ್ ಎಳೆಯಿರಿ, ಅದು ಕೇಬಲ್ಲಿನಲ್ಲಿ ಕೆಲಸ ಮಾಡುತ್ತದೆ, ಕರೆಂಟ್ ಬೇಕಿಲ್ಲ. ಮೊದಲು ಎರಡೂ ಗಾಡಿ ಆಫ್ ಇರಲಿ, ಒಂದಕ್ಕೊಂದು ತಾಗದಿರಲಿ. ಕೆಂಪು ಕೇಬಲ್ ಮೊದಲು ನಿಮ್ಮ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಅವರ ಪ್ಲಸ್‌ಗೆ. ಕಪ್ಪು ಅವರ ಮೈನಸ್‌ಗೆ. ಕೊನೆಯ ಕಪ್ಪು ತುದಿಯನ್ನು ನಿಮ್ಮ ಬ್ಯಾಟರಿಗೆ ಕೊಡಬೇಡಿ, ಎಂಜಿನ್ನಿನ ಪೇಂಟ್ ಇಲ್ಲದ ದಪ್ಪ ಲೋಹಕ್ಕೆ ಕಚ್ಚಿಸಿ. ಕೊನೆಗೆ ತಾಗಿಸುವ ಜಾಗದಲ್ಲೇ ಕಿಡಿ ಹಾರುವುದು, ಬ್ಯಾಟರಿಯಿಂದ ಬರುವ ಹೈಡ್ರೋಜನ್ ಗ್ಯಾಸಿಗೆ ಬೆಂಕಿ ತಗುಲಬಾರದು. ಅವರ ಎಂಜಿನ್ ಐದು ನಿಮಿಷ ಓಡಲಿ, ಆಮೇಲೆ ನಿಮ್ಮದು ಸ್ಟಾರ್ಟ್ ಮಾಡಿ. ಕೇಬಲ್ ತೆಗೆಯುವಾಗ ಇದನ್ನೇ ಉಲ್ಟಾ ಮಾಡಿ.

ಇನ್ನೊಂದು. ಲೋಹದ ಕೀಯಲ್ಲಿ ತೆಗೆದರೆ ಎಷ್ಟೋ ಗಾಡಿಗಳು ಅದನ್ನು ಕಳ್ಳತನ ಅಂದುಕೊಳ್ಳುತ್ತವೆ. ಈಗ ಕರೆಂಟ್ ಇಲ್ಲ, ಸದ್ದಿಲ್ಲ. ಕೇಬಲ್ ಕೊಟ್ಟ ತಕ್ಷಣ ಸೈರನ್ ಕೂಗಬಹುದು, ಹೆದರಬೇಡಿ. ರಿಮೋಟಿನಲ್ಲಿ ಅನ್‌ಲಾಕ್ ಒತ್ತಿ, ನಿಲ್ಲುತ್ತದೆ.

ಕರಾವಳಿ ಕಾರು

ಡಿಕ್ಕಿಯಲ್ಲಿ ಏನಾದರೂ ಇದ್ದರೆ ಹಿಂದಿನ ಸೀಟು ಮಡಚಿ ಒಳಗಿಂದಲೇ ತೆಗೆದುಕೊಳ್ಳಿ. ಈಗಿನ ಎಷ್ಟೋ ಗಾಡಿಗಳ ಡಿಕ್ಕಿ ಲಾಕ್ ಕರೆಂಟಿನದ್ದು, ಬ್ಯಾಟರಿ ಇಲ್ಲದೆ ಹೊರಗಿಂದ ತೆರೆಯುವುದಿಲ್ಲ. ಬ್ಯಾಟರಿಯೇ ಡಿಕ್ಕಿಯಲ್ಲಿರುವ ದುಬಾರಿ ಗಾಡಿಗಳೂ ಇವೆ, ಅವಕ್ಕೆ ಜಂಪ್ ಕೊಡಲು ಬಾನೆಟ್ ಕೆಳಗೆ ಬೇರೆ ಪಾಯಿಂಟ್ ಇಟ್ಟಿರುತ್ತಾರೆ.

ಮುಂದೆ ಇದನ್ನು ಓದುವವರಿಗೆ ಒಂದು ಮಾತು. ಕಾರಿನೊಳಗೆ ಮಗುವೋ ವಯಸ್ಸಾದವರೋ ಸಿಕ್ಕಿಹಾಕಿಕೊಂಡಿದ್ದರೆ ಈ ಮುಚ್ಚಳ, ಕೀ ಯಾವುದನ್ನೂ ಹುಡುಕುತ್ತಾ ಕೂರಬೇಡಿ. 112ಕ್ಕೆ ಫೋನ್ ಮಾಡಿಸಿ, ಒಳಗಿರುವವರಿಂದ ದೂರ ಇರುವ ಪಕ್ಕದ ಕಿಟಕಿಯನ್ನು ಮೂಲೆಯಲ್ಲಿ ಹೊಡೆದು ಒಡೆಯಿರಿ. ಮುಂದಿನ ದೊಡ್ಡ ಗಾಜು ಪದರದ್ದು, ಬಿರುಕು ಬಿಡುತ್ತದೆ, ದಾರಿ ಬಿಡುವುದಿಲ್ಲ. ಬಿಸಿಲಲ್ಲಿ ಮುಚ್ಚಿದ ಕಾರು ನಿಮಿಷಗಳಲ್ಲಿ ಕಾಯುತ್ತದೆ. ಗಾಜು ಮತ್ತೆ ಹಾಕಿಸಬಹುದು.

ಶಿರಸಿಯವಳು

ತೆರೆಯಿತು! ಸ್ಪ್ರೇ ಹೊಡೆದು ಹತ್ತು ನಿಮಿಷ ಬಿಟ್ಟ ಮೇಲೆ ಟಕ್ ಅಂತ ತಿರುಗಿತು. ಫೈಲ್ ಸಿಕ್ಕಿತು, ಮಾವನವರಿಗೂ ಸಮಾಧಾನ. ಮೂರನೇ ಮಹಡಿಯವರು ಕೇಬಲ್ ತಂದರು, ಕಾರು ಸ್ಟಾರ್ಟ್ ಆಯಿತು. ಹೇಳಿದ ಹಾಗೇ ಸೈರನ್ ಬೇಸ್‌ಮೆಂಟ್ ಪೂರ್ತಿ ಕೇಳುವಂತೆ ಕೂಗಿತು, ಅನ್‌ಲಾಕ್ ಒತ್ತಿದೆ, ನಿಂತಿತು. ನೀವು ಮೊದಲೇ ಹೇಳದಿದ್ದರೆ ಕೇಬಲ್ ಕಿತ್ತು ಓಡುತ್ತಿದ್ದೆವು. ಈಗ ಮತ್ತೆ ಊರಿಗೆ ಹೋಗುವುದಿದೆ, ಹೀಗಾಗದಂತೆ ಏನು ಮಾಡಲಿ? ಡ್ಯಾಶ್‌ಕ್ಯಾಮ್ ಇದೆ, ನಿಂತಾಗಲೂ ರೆಕಾರ್ಡ್ ಮಾಡುವಂಥದ್ದು.

ಹುಬ್ಬಳ್ಳಿ ಗ್ಯಾರೇಜ್

ಕ್ಯಾಮೆರಾದ ಮೇಲೆಯೇ ನನಗೆ ಅನುಮಾನ. ಊರಿಗೆ ಹೋಗುವಾಗ ಅದರ ವೈರ್ ತೆಗೆದಿಡಿ. ಇವತ್ತು ಗಾಡಿಯನ್ನು ಕನಿಷ್ಠ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ, ನಿಂತಲ್ಲೇ ಐದು ನಿಮಿಷ ಓಡಿಸಿದರೆ ಏನೂ ತುಂಬುವುದಿಲ್ಲ. ನಾಳೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಬ್ಯಾಟರಿಗೆ ವೋಲ್ಟ್ ಮೀಟರ್ ಹಿಡಿಸಿ. 12.6 ವೋಲ್ಟ್ ಹತ್ತಿರ ಇದ್ದರೆ ಚೆನ್ನಾಗಿದೆ, ಓಡಿಸಿದ ಮೇಲೂ 12ಕ್ಕೆ ಇಳಿದಿದ್ದರೆ ಬ್ಯಾಟರಿಯನ್ನು ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿ. ನಮ್ಮ ಸೆಕೆಗೆ ಮೂರ್ನಾಲ್ಕು ವರ್ಷ ಬಂದರೆ ಅದೇ ಜಾಸ್ತಿ.

ತಿಂಗಳುಗಟ್ಟಲೆ ಬಿಡುವುದಾದರೆ ಮೈನಸ್ ಟರ್ಮಿನಲ್ ಬಿಚ್ಚಿಡಬಹುದು, ನಿಮ್ಮ ಗಾಡಿಯ ಕೈಪಿಡಿಯಲ್ಲಿ ಒಮ್ಮೆ ನೋಡಿಕೊಳ್ಳಿ. ಬಿಚ್ಚುವ ಮುಂಚೆ ಉಳಿದ ಬಾಗಿಲುಗಳನ್ನು ಲಾಕ್ ಮಾಡಿ, ಡ್ರೈವರ್ ಬಾಗಿಲನ್ನು ಕೊನೆಗೆ ಆ ಲೋಹದ ಕೀಯಲ್ಲೇ ಲಾಕ್ ಮಾಡಬೇಕಾಗುತ್ತದೆ. ಹೇಗೂ ಈಗ ಲಾಕ್ ಸಡಿಲಾಗಿದೆ ಅಲ್ವಾ, ಎರಡು ಮೂರು ತಿಂಗಳಿಗೊಮ್ಮೆ ಕೀ ಹಾಕಿ ತಿರುಗಿಸುತ್ತಿರಿ.