ಅಪ್‌ಡೇಟ್: ಅಡ್ವಾನ್ಸ್ ಇಳಿಸಿದರು, ಮನೆ ಸಿಕ್ಕಿತು

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುತ್ತಿದ್ದಾರೆ, ಚೌಕಾಸಿ ಮಾಡಬಹುದಾ ಅಂತ ಕೇಳಿದ್ದೆ. ಮಾಡಬಹುದು! ವಿಜಯನಗರದಲ್ಲಿ ಎರಡು ಬೆಡ್‌ರೂಮಿನ ಮನೆ ಸಿಕ್ಕಿದೆ. ಅಡ್ವಾನ್ಸ್ ಐದು ತಿಂಗಳಿಗೆ ಇಳಿಯಿತು. ಬಾಡಿಗೆಯಲ್ಲಿ ಮಾತ್ರ ಒಂದು ರೂಪಾಯಿ ಬಿಡಲಿಲ್ಲ. ಟು-ಲೆಟ್ ಬೋರ್ಡ್ ನೋಡಿ ಓನರ್ ಆಂಟಿ ಹತ್ತಿರ ನೇರವಾಗಿ ಮಾತಾಡಿದ್ದು, ಬ್ರೋಕರ್ ಕಾಟ ಇಲ್ಲ.

ನೀವೆಲ್ಲ ಹೇಳಿದ ಹಾಗೆ ನೀರಿನ ವಿಷಯ ಮೊದಲೇ ಕೇಳಿದೆ. ಅಡುಗೆಮನೆಯಲ್ಲಿ ಎರಡು ನಲ್ಲಿ, ಒಂದು ಕಾವೇರಿ, ಒಂದು ಬೋರ್. ಬೋರ್ ನಲ್ಲಿಯ ಬಾಯಿಗೆ ಬಿಳಿ ಉಪ್ಪು ಕಟ್ಟಿತ್ತು. ಕುಡಿಯೋಕೆ ಅದು ಬೇಡವೇ ಬೇಡ.

ಅಗ್ರಿಮೆಂಟ್ ಮಾಮೂಲಿ 11 ತಿಂಗಳದ್ದು. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತೇವೆ ಅಂತಿತ್ತು. "ಬಿಲ್ ತೋರಿಸಿ, ಖರ್ಚಾದಷ್ಟು ಮಾತ್ರ" ಅಂತ ತಿದ್ದಿಸಿದೆ. ವೈಟ್‌ಫೀಲ್ಡ್ ಆಫೀಸಿಗೆ ನೇರಳೆ ಮಾರ್ಗದ ಮೆಟ್ರೋ ಸಾಕು, ರೈಲು ಬದಲಿಸೋದಿಲ್ಲ. ಬೆಳಿಗ್ಗೆ ಸೀಟ್ ಸಿಗೋದು ಮಾತ್ರ ಡೌಟು.